ಹದಿನೈದು ತುಂಬಿದ ಹುಡುಗಿ

ಮುನಿಗಂಗಿ ಉದ್ದ ಬೆಳೆದದ್ದೇ ಕೇಡಾಯಿತು. ತಾಯಲೂರಿನ ನೇಯ್ಗೆಯವರ ಕೇರಿಯಲ್ಲಿ ಅವಳ ಓರಗೆಯ ಹುಡುಗಿಯರು ಇನ್ನೂ ಅಮ್ಮಂದಿರ ಸೊಂಟಕ್ಕಿಂತ ಗೇಣು ಮೇಲೆ ಬಂದಿದ್ದರೆ, ಇವಳು ಅಮ್ಮನ ಸಮಕ್ಕೆ ನಿಲ್ಲುತ್ತಿದ್ದಳು. ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದವಳು. ಹನ್ನೆರಡು ತುಂಬಿರಲಿಲ್ಲ. ಬಾಯಲ್ಲಿ ಒಂದು ಹಾಲುಹಲ್ಲು ಇನ್ನೂ ಅಲ್ಲಾಡುತ್ತಿತ್ತು. ಆದರೆ ಬಾಯಿ ತೆರೆಸಿ ನೋಡಿ ವಯಸ್ಸು ಹೇಳುವುದು ಎತ್ತಿಗೆ ಮಾತ್ರ. ಹುಡುಗಿಯನ್ನು ಬೀದಿಯಲ್ಲಿ ಕಂಡವರು ಹದಿನೈದೋ ಹದಿನಾರೋ ಅಂದುಕೊಂಡು ಮುಂದೆ ಹೋಗುತ್ತಿದ್ದರು.

ಅವಳ ಅಪ್ಪ ಶ್ರೀನಿವಾಸಪ್ಪ ರೇಷ್ಮೆ ಸೀರೆ ನೇಯುವವನು. ಕೈ ಒಳ್ಳೆಯದು, ಬುದ್ಧಿ ಅಷ್ಟಕ್ಕಷ್ಟೆ. ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಮುಳಬಾಗಿಲಿಗೆ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕೋಲಾರಕ್ಕೆ ಒಯ್ದು, ದೊಡ್ಡಪೇಟೆಯ ತಾಜ್ ಪಾಷಾ ಅಂಗಡಿಗೆ ಕೊಟ್ಟು ಬರುತ್ತಿದ್ದ. ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ತಾಜ್ ಪಾಷಾ ಒಂದು ಹೊಸ ಮಾತು ತೆಗೆದ. ಇನ್ನು ಹದಿನೆಂಟು ಮೊಳದ ಸೀರೆ ಬೇಡ, ಆರು ಗಜ ಸಾಕು. ಬೊಂಬಾಯಿ ಫ್ಯಾಶನ್ ಬಂದಿದೆ. ಕೋಲಾರದ ವಕೀಲರ ಹೆಂಡತಿಯರೂ ಚಿನ್ನದ ಗಣಿಯ ಆಫೀಸರುಗಳ ಹೆಂಡತಿಯರೂ ಈಗ ಕಚ್ಚೆ ಬಿಟ್ಟು, ಮುಂದೆ ನೆರಿಗೆ ಹಿಡಿದು, ಎಡ ಹೆಗಲ ಮೇಲೆ ಸೆರಗು ಹಾಕುತ್ತಾರೆ.

ಹಾಕುತ್ತಾರೆ ಅಂದರೆ, ಹಾಕಬೇಕೆಂದು ಆಸೆಪಡುತ್ತಿದ್ದರು. ಹೇಗೆ ಕಾಣುತ್ತದೋ ಎಂದು ಹೆದರುತ್ತಿದ್ದರು. ಉಟ್ಟು ತೋರಿಸುವವರು ಬೇಕಿತ್ತು. ಅಂಗಡಿಯ ಹಳೇ ಗುಮಾಸ್ತ ಹಿದಾಯತುಲ್ಲಾ ತನ್ನ ಜುಬ್ಬದ ಮೇಲೆಯೇ ಸೀರೆ ಸುತ್ತಿಕೊಂಡು, ಮದರಂಗಿ ಹಚ್ಚಿದ ಗಡ್ಡದ ಕೆಳಗೆ ಸೆರಗು ಇಳಿಬಿಟ್ಟು, ಎರಡು ಹೆಜ್ಜೆ ಆಚೆ ಎರಡು ಹೆಜ್ಜೆ ಈಚೆ ನಡೆದು ತೋರಿಸುತ್ತಿದ್ದ.

"ಸಾಬರೇ, ಸೀರೆ ಚೆನ್ನಾಗಿದೆ. ಗಡ್ಡಕ್ಕೂ ಒಂದು ಕುಪ್ಪಸ ಹೊಲಿಸಿಬಿಡಿ," ಎಂದು ವಕೀಲರ ಹೆಂಡತಿ ಶಾಮಲಮ್ಮ ಅಂದರೆ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನಕ್ಕು ಎದ್ದು ಹೋಗುತ್ತಿದ್ದರು. ಕೊಳ್ಳುತ್ತಿರಲಿಲ್ಲ.

ಅಂಥ ಒಂದು ದಿನವೇ ಶ್ರೀನಿವಾಸಪ್ಪ ಮಗಳಿಗೆ ಕೋಲಾರ ತೋರಿಸಲೆಂದು ಜೊತೆಗೆ ಕರೆದುಕೊಂಡು ಬಂದಿದ್ದ. ಅಂಗಡಿಯ ಹಿಂದೆ ಪರದೆಯೊಳಗೆ ಹೆಂಗಸರ ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವಳು ತಾಜ್ ಪಾಷಾನ ಹೆಂಡತಿ ಬದ್ರುನ್ನೀಸಾ. ಲಂಗ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಉದ್ದ ಹುಡುಗಿಯ ಮೇಲೆ ಶಾಮಲಮ್ಮನ ಕಣ್ಣು ಬಿತ್ತು.

"ಈ ಹುಡುಗಿಗೆ ಉಡಿಸಿ ನೋಡೋಣ."

"ಇದಾ? ಬಚ್ಚಿ ಇದು ಅಮ್ಮಾ, ಚಿಕ್ಕ ಮಗು," ಅಂದಳು ಬದ್ರುನ್ನೀಸಾ.

"ಬಚ್ಚಿಯೋ ಗಿಚ್ಚಿಯೋ, ಎತ್ತರ ಇದ್ದಾಳಲ್ಲ. ಉಡಿಸಿ."

ಉಡಿಸಿದರು. ಮುನಿಗಂಗಿ ಹಲಗೆಯ ಮೇಲೆ ನಿಂತಳು. ತಿರುಗು ಅಂದರೆ ತಿರುಗಿದಳು. ಆ ಮಧ್ಯಾಹ್ನ ಅಪ್ಪ ತಂದಿದ್ದ ಗಂಟಿನಲ್ಲಿ ಒಂದು ಸೀರೆಯೂ ಉಳಿಯಲಿಲ್ಲ. ಪರದೆಯ ಸಂದಿಯಲ್ಲಿ ಶ್ರೀನಿವಾಸಪ್ಪ ನೋಡಿದ. ಹುಟ್ಟಿದಾಗಿನಿಂದ ರೇಷ್ಮೆ ನೇಯ್ದವನು, ತಾನು ನೇಯ್ದದ್ದು ಒಂದು ಮೈಮೇಲೆ ಹೇಗೆ ಬೀಳುತ್ತದೆಂದು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನ ಹೆಂಡತಿ ಉಡುತ್ತಿದ್ದದ್ದು ನೂಲಿನ ಸೀರೆ. ಅಂಚು, ಸೆರಗು, ತಾನೇ ಕೂಡಿಸಿದ ಆ ಮಾವಿನಕಾಯಿ ಬಣ್ಣ, ಎಲ್ಲ ಎದ್ದು ನಡೆಯುತ್ತಿತ್ತು. ತಾಜ್ ಪಾಷಾ "ಪ್ರತಿ ಸೋಮವಾರ ಹುಡುಗಿನ ಕರ್ಕೊಂಡ್ಬಾರಯ್ಯ, ಕೂಲಿ ಕೊಡ್ತೀನಿ" ಅಂದಾಗ ಕೂಲಿ ಎಷ್ಟೆಂದು ಕೂಡ ಅವನು ಕೇಳಲಿಲ್ಲ.

ಒಂದೆರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಕೋಲಾರದ ಮಹಿಳಾ ಸಮಾಜದ ಕಾರ್ಯದರ್ಶಿ ಭಾರತಮ್ಮ ಅಂಗಡಿಗೆ ಬಂದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ಕನ್ನಡಕದ ಮೇಲಿಂದ ಹುಡುಗಿಯನ್ನು ನೋಡಿದಳು.

"ಈ ಮಗುವಿಗೆ ಎಷ್ಟು ವಯಸ್ಸು?"

ಯಾರಿಗೂ ಗೊತ್ತಿರಲಿಲ್ಲ. ಶಾಮಲಮ್ಮ ಉತ್ತರ ಕೊಟ್ಟಳು. "ನನ್ನ ಮದುವೆ ಆದಾಗ ನನಗೆ ಹನ್ನೊಂದು. ಮದುವೆಗೆ ಸಾಕಾದ ವಯಸ್ಸು ಸೀರೆ ಉಟ್ಟು ನಿಲ್ಲೋಕೆ ಸಾಲದೇನ್ರೀ?"

"ಅದೂ ತಪ್ಪು, ಇದೂ ತಪ್ಪು. ಗಿರಣಿಯಲ್ಲಿ ಮಕ್ಕಳನ್ನು ದುಡಿಸಬಾರದು ಅಂತ ದೇಶದಲ್ಲೆಲ್ಲ ಕೂಗು ಎದ್ದಿದೆ. ಅಂಗಡಿಯಲ್ಲಿ ನಿಲ್ಲಿಸಬಹುದೋ?"

"ಏನು ಕಲ್ಲು ಹೊರಿಸ್ತಿದ್ದಾರಾ? ನೆರಳಲ್ಲಿ ನಿಂತಿದ್ದಾಳೆ, ರೇಷ್ಮೆ ಉಟ್ಟಿದ್ದಾಳೆ. ನಮ್ಮನೇಲಿ ಮುಸುರೆ ತಿಕ್ಕೋ ಹುಡುಗಿಗೆ ಒಂಬತ್ತು. ಅವಳನ್ನ ಬಂದು ಕೇಳಿ ಮೊದಲು!"

ಭಾರತಮ್ಮ ಕೇಳಲಿಲ್ಲ. ಮುಸುರೆಯ ಹುಡುಗಿ ಕಣ್ಣಿಗೆ ಬೀಳುವುದಿಲ್ಲ, ಹಲಗೆಯ ಮೇಲೆ ನಿಂತವಳು ಬೀಳುತ್ತಾಳೆ. ಆ ವಾರವೇ ಸಮಾಜ ಸೇರಿತು, ಜಗಳವಾಡಿತು, ಹನ್ನೆರಡು ಸಾಕು ಅಂದವರು ಕೆಲವರು, ಹದಿನೆಂಟಾಗಬೇಕು ಅಂದವರು ಕೆಲವರು. ಕೊನೆಗೆ ಹದಿನೈದಕ್ಕೆ ನಿಂತಿತು. ಹದಿನೈದು ತುಂಬದ ಹುಡುಗಿಗೆ ಯಾವ ಬಟ್ಟೆ ಅಂಗಡಿಯೂ ಸೀರೆ ಉಡಿಸಿ ನಿಲ್ಲಿಸಕೂಡದು. ನಿಲ್ಲಿಸಿದ ಅಂಗಡಿಗೆ ಸಮಾಜದ ಹೆಂಗಸರು ಹೋಗಕೂಡದು. ಮಾತು ಸರಿಯಾದದ್ದೇ, ನನಗೂ ಒಪ್ಪಿಗೆಯೇ. ಆದರೆ ಆ ಹುಡುಗಿ ಐದು ವರ್ಷದವಳಾದಾಗಿನಿಂದ ಮನೆಯಲ್ಲಿ ಹೊಗೆ ಹಿಡಿದ ಮೂಲೆಯಲ್ಲಿ ಕೂತು ಅಪ್ಪನ ಲಾಳಿಯೊಳಗಿನ ಕಂಡಿಕೆ ಕೊಳವೆಗೆ ನೂಲು ಸುತ್ತುತ್ತಿದ್ದಳಲ್ಲ, ಅದಕ್ಕೆ ಎಷ್ಟು ವಯಸ್ಸಾಗಬೇಕೆಂದು ಆ ಸಭೆಯಲ್ಲಿ ಒಬ್ಬಳೂ ಕೇಳಲಿಲ್ಲ. ಅಲ್ಲಿದ್ದವರೆಲ್ಲ ಅವಳ ಬೆರಳು ಸವೆಸಿದ ರೇಷ್ಮೆಯನ್ನೇ ಉಟ್ಟುಕೊಂಡು ಕೂತಿದ್ದರು.

ತಾಜ್ ಪಾಷಾ ಕೆಟ್ಟವನಲ್ಲ, ಹೆದರಿಕೆಯವನು. ಶ್ರೀನಿವಾಸಪ್ಪನನ್ನು ಪಕ್ಕಕ್ಕೆ ಕರೆದ.

"ನೋಡಯ್ಯ, ನನಗೂ ಮಗಳಿದ್ದಾಳೆ. ಆ ಅಮ್ಮ ಹೇಳೋದು ತಪ್ಪಲ್ಲ. ನಿನ್ನ ಹುಡುಗಿಗೆ ಹದಿನೈದಾಗಿದ್ರೆ ಬರಲಿ, ಇಲ್ದಿದ್ರೆ ಬೇಡ. ನಿನ್ನ ಮಾತು, ನನ್ನ ಮಾತು ಆ ಹೆಂಗಸ್ರು ನಂಬಲ್ಲ. ನಿಮ್ಮ ಕುಲದ ಯಜಮಾನರು ಬಂದು ಆಗಿದೆ ಅಂತ ಒಂದು ಮಾತು ಹೇಳಲಿ, ಬಸ್."

ಶ್ರೀನಿವಾಸಪ್ಪ ಮನೆಗೆ ಬಂದು ಹೇಳಿದಾಗ ಹೆಂಡತಿ ಆಂಜಿನಮ್ಮ ಒಲೆ ಊದುವುದನ್ನು ಬಿಟ್ಟು ಕೈ ಮುಗಿದಳು.

"ಚೌಡಮ್ಮ ಕಣ್ಣು ಬಿಟ್ಲು. ಬಿಟ್ಬಿಡು. ಇನ್ಮೇಲೆ ಕಳಿಸ್ಬೇಡ."

"ಏನ್ ಬಿಡೋದೇ? ನನ್ನ ಸೀರೆ ಈಗ ಕೋಲಾರದಲ್ಲಿ ಹೆಸರು ಹೇಳಿ ಕೇಳ್ತಾರೆ. ಯಜಮಾನ್ರು ಒಂದ್ ಮಾತು ಹೇಳಿದ್ರೆ ಆಯ್ತು."

"ಯಜಮಾನ್ರ ಹತ್ರ ಹೋಗ್ಬೇಡ ಅಂದ್ರೆ ಹೋಗ್ಬೇಡ. ಅವರಿಗೆ ಹದಿನೈದೂ ಗೊತ್ತಿಲ್ಲ, ಹದಿನಾರೂ ಗೊತ್ತಿಲ್ಲ. ಅವರು ಒಂದೇ ಕೇಳೋದು. ನಮ್ಮ ಚನ್ನ ಕಾಯ್ಕೊಂಡು ಕೂತವ್ನೆ, ಮರೆತ್ಯಾ?"

ಚನ್ನರಾಯಪ್ಪ ಅವಳ ಒಡಹುಟ್ಟಿದ ತಮ್ಮ. ಗೌನಿಪಲ್ಲಿಯಲ್ಲಿ ಮಾವಿನ ತೋಪು ಇಟ್ಟುಕೊಂಡವನು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು ಎಂಬುದು ಆ ಕಡೆಯ ರೂಢಿ. ಅವನ ಮೊದಲ ಹೆಂಡತಿ ತೋಪಿನ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿತು ಅಂದರು. ಆಂಜಿನಮ್ಮ ಹೆಣ ತೊಳೆಯಲು ಹೋದವಳು. ಆ ಬೆನ್ನಿನ ಮೇಲಿದ್ದ ಬಾಸುಂಡೆಗಳು ಬಾವಿಯವಲ್ಲ ಎಂದು ಅವಳು ಕಣ್ಣಾರೆ ಕಂಡಿದ್ದಳು. ಹೆಂಡತಿ ಸತ್ತ ಹದಿನೈದನೇ ದಿನಕ್ಕೇ ಅವನು ಹುಡುಗಿಯನ್ನು ಕೇಳಿದ. "ಇನ್ನೂ ದೊಡ್ಡವಳಾಗಿಲ್ಲ, ಆಗ್ಲಿ ತಡಿ" ಎಂದು ಇವಳು ತಳ್ಳಿದಳು. ಅಂದಿನಿಂದ ಅದೊಂದೇ ಮಾತನ್ನು ಹಿಡಿದುಕೊಂಡು ಮಗಳನ್ನು ಕಾಯುತ್ತಿದ್ದಳು. ತಡವಾದರೆ ಅವನು ಬೇಸತ್ತು ಬೇರೆ ಕಡೆ ನೋಡಿಯಾನು ಎಂಬ ಆಸೆ.

"ನಾನು ವಯಸ್ಸು ಒಂದೇ ಹೇಳ್ತೀನಿ ಕಣೇ. ಬೇರೇದು ಯಾಕೆ ಹೇಳ್ಲಿ?" ಅಂದ ಶ್ರೀನಿವಾಸಪ್ಪ.

ಚೌಡೇಶ್ವರಿ ಗುಡಿಯ ಜಗಲಿಯ ಮೇಲೆ ಕುಲದವರು ಸೇರಿದರು. ಯಜಮಾನ ಕದಿರೇಶಪ್ಪನಿಗೆ ಹಲ್ಲಿಲ್ಲ, ದನಿ ಮಾತ್ರ ಗಟ್ಟಿ. ಕಂಬದ ಹಿಂದೆ ಹೆಂಗಸರು ನಿಂತಿದ್ದರು.

"ಹದಿನೈದಾ?" ಯಜಮಾನ ನಕ್ಕ. "ಎವುಡ್ರಾ ಲೆಕ್ಕ ಪೆಟ್ಟಿಂದಿ? ಯಾವನ್ಲಾ ಲೆಕ್ಕ ಇಟ್ಟೋನು? ನನಗೆ ಎಷ್ಟು ಅಂತ ನನಗೇ ಗೊತ್ತಿಲ್ಲ. ಕೋಲಾರದೋರಿಗೆ ಕೆಲಸ ಇಲ್ಲ. ಲೇ ಸೀನಾ, ಸುತ್ತಿ ಬಳಸಿ ಬೇಡ. ಹುಡುಗಿ ದೊಡ್ಡವಳಾಗಿದ್ದಾಳಾ ಇಲ್ವಾ? ಆಗಿದ್ರೆ ಹದಿನೈದು ಅನ್ಕೋ, ಇಪ್ಪತ್ತು ಅನ್ಕೋ. ಆಗಿಲ್ದಿದ್ರೆ ಕೂಸು. ಕೂಸನ್ನ ಪೇಟೇಲಿ ನಿಲ್ಸೋಕೆ ನಾನ್ ಹೂಂ ಅನ್ನಲ್ಲ."

ಶ್ರೀನಿವಾಸಪ್ಪನ ಕಣ್ಣ ಮುಂದೆ ಆ ಸೀರೆ ಇತ್ತು, ಹಲಗೆ ಇತ್ತು. ಚನ್ನರಾಯಪ್ಪ ಇರಲಿಲ್ಲ.

"ಆಗಿದ್ದಾಳೆ," ಅಂದುಬಿಟ್ಟ.

ಜಗಲಿಯ ಮೇಲೆ ಗುಸುಗುಸು ಎದ್ದಿತು.

"ಯಾವಾಗ್ಲಾ? ಕೇರಿಗೆ ಒಂದ್ ಮಾತಿಲ್ಲ, ಎಳ್ಳು ಬೆಲ್ಲ ಇಲ್ಲ. ಮೈನೆರೆದ ಒಸಗೆ ಎಲ್ ಮಾಡ್ದೆ?" ಯಜಮಾನ ಕೇಳಿದ.

"ಮಾಲೂರಲ್ಲಿ... ಸೋದರತ್ತೆ ಮನೇಲಿ ಇದ್ಲು ಆವಾಗ. ಅಲ್ಲೇ ಮುಗಿಸಿದ್ವಿ."

"ದೀಪ ಆರಿಸಿ ಹೇಳ್ತೀಯಾ?"

ದೇವಿಯ ಮುಂದಿನ ದೀಪವನ್ನು ಅಂಗೈಯಿಂದ ಆರಿಸಿ ಹೇಳಿದ ಮಾತಿಗೆ ಆ ಕೇರಿಯಲ್ಲಿ ಮರುಮಾತಿಲ್ಲ. ಶ್ರೀನಿವಾಸಪ್ಪ ಎದ್ದು ಹೋಗಿ ಆರಿಸಿದ. ಅಂಗೈ ಸುಟ್ಟಿತು. ಬಂದು ಕೂತ. ಕೆಲಸ ಮುಗಿಯಿತು ಅಂದುಕೊಂಡ.

ಮುಗಿದಿರಲಿಲ್ಲ. ಯಜಮಾನ ಕೇಳಿದ: "ಗುಡಿಸಲು ಕಟ್ಟಿದ್ದು ಯಾರು?"

ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿ ಸೊಪ್ಪು ತಂದು ಗುಡಿಸಲು ಕಟ್ಟಬೇಕು, ಅದರೊಳಗೆ ಹುಡುಗಿ ಕೂರಬೇಕು. ಅವನ ಕೈಯಿಂದ ಸೊಪ್ಪು ಬೀಳದ ಒಸಗೆ ಒಸಗೆಯೇ ಅಲ್ಲ. ಶ್ರೀನಿವಾಸಪ್ಪ ಇದನ್ನು ಮರೆತೇಬಿಟ್ಟಿದ್ದ. ಗಂಡಸು, ಅವನಿಗೆ ಇದೆಲ್ಲ ಹೆಂಗಸರ ಶಾಸ್ತ್ರ.

"ಬಾಮ್ಮರ್ದಿಗೆ, ಹೆಂಡ್ತಿ ತಮ್ಮನಿಗೆ, ಹೇಳ್ಲೇ ಇಲ್ವಾ? ಅವನ ಮುಖಕ್ಕೆ ಮಸಿ ಬಳಿದ್ಯಲ್ಲೋ! ಸರಿ, ಆಗಿದ್ದು ಆಯ್ತು. ಕೋಲಾರಕ್ಕೆ ಇಬ್ರನ್ನ ಕಳಿಸ್ತೀನಿ, ಹುಡುಗಿಗೆ ಹದಿನೈದಾಗಿದೆ ಅಂತ ಹೇಳಿ ಬರ್ಲಿ. ಗೌನಿಪಲ್ಲಿಗೂ ಇವತ್ತೇ ಆಳು ಹೋಗ್ಲಿ. ಚನ್ನರಾಯಪ್ಪ ಬಂದು ಇಲ್ಲೇ ಎಲ್ರ ಮುಂದೆ ಗುಡಿಸಲು ಕಟ್ಲಿ, ಒಸಗೆ ಆಗ್ಲಿ. ಹಿಂದೇನೇ ಮದುವೆ. ಬೆಳೆದ ಹುಡುಗಿ, ಹಕ್ಕಿನೋನು ಇದ್ದಾನೆ, ಇನ್ಯಾಕೆ ತಡ?"

ಆಂಜಿನಮ್ಮ ಕಂಬದ ಹಿಂದಿನಿಂದ ಜಗಲಿಯ ಮೇಲಕ್ಕೇ ಬಂದುಬಿಟ್ಟಳು. ಹಾಗೆ ಬರುವುದು ಕೂಡದು.

"ಸುಳ್ಳು! ನನ್ ಮಗಳು ಇನ್ನೂ ಕೂಸು. ಏನೂ ಆಗಿಲ್ಲ ಅವಳಿಗೆ. ಹೆತ್ತೋಳು ನಾನು ಹೇಳ್ತಿದೀನಿ."

ಗಂಡಸರು ನಕ್ಕರು. "ಯಾವ ತಾಯಿ ತಾನೇ ಹೂಂ ಅಂದವ್ಳೆ!" ಅಂದ ಒಬ್ಬ. ಯಜಮಾನ ಮಾತ್ರ ನಗಲಿಲ್ಲ.

"ನೋಡಮ್ಮ ಆಂಜಿನಾ. ನಿನ್ ಗಂಡ ದೀಪ ಆರಿಸವ್ನೆ. ಅವನು ಸುಳ್ಳಾಡಿದ್ರೆ ಮಗ್ಗ ಕಿತ್ತು ಊರಾಚೆ ಹಾಕ್ಬೇಕು. ನಿಮಗೆ ನೀರಿಲ್ಲ, ಬೆಂಕಿ ಇಲ್ಲ, ಕೇರೀಲಿ ಯಾರೂ ನೂಲು ಕೊಡಲ್ಲ, ಸತ್ರೆ ಹೆಣ ಎತ್ತಲ್ಲ. ನಿನ್ ಬಾಯಿಂದ ಹೇಳು. ಅವನು ಸುಳ್ಳನಾ?"

ಆಂಜಿನಮ್ಮ ಗಂಡನ ಕಡೆ ನೋಡಿದಳು. ಅವನು ಸುಟ್ಟ ಅಂಗೈಯನ್ನು ಪಂಚೆಯೊಳಗೆ ಮುಚ್ಚಿಕೊಂಡು ನೆಲ ನೋಡುತ್ತಿದ್ದ. ಅವಳು ಜಗಲಿಯಿಂದ ಇಳಿದು ಕಂಬದ ಹಿಂದಕ್ಕೆ ಹೋದಳು.

ಮಾರನೇ ದಿನ ಅವಳು ಮಗಳ ಕೈ ಹಿಡಿದು ಬಸ್ಸು ಹತ್ತಿದಳು. ಅಲ್ಲಿಯವರೆಗೆ ಅವಳು ಕೋಲಾರ ಕಂಡವಳಲ್ಲ. ಅಂಗಡಿಯ ಹೆಂಗಸರ ಕೋಣೆಯಲ್ಲಿ ಬದ್ರುನ್ನೀಸಾ ಮುಂದೆ ಕುಸಿದು ಎಲ್ಲ ಹೇಳಿದಳು. ಬದ್ರುನ್ನೀಸಾ ಹುಡುಗಿಯ ಗದ್ದ ಎತ್ತಿ ಬಾಯಿ ತೆರೆಸಿದಳು.

"ಯಾ ಅಲ್ಲಾ, ಹಾಲುಹಲ್ಲು ಇನ್ನೂ ಐತೆ! ನಾನು ಮೊದಲನೇ ದಿನಾನೇ ಬಚ್ಚಿ ಅಂದೆ. ಯಾರು ಕೇಳಿದ್ರು?" ಪರದೆಯಾಚೆ ನಿಂತಿದ್ದ ಗಂಡನ ಕಡೆ ತಿರುಗಿದಳು. "ಇಲ್ಲೇ ಇರ್ಲಿ ಜೀ. ನಮ್ಮ ಪರ್ವೀನ್ ಜೊತೆ ಮಲಗ್ತಾಳೆ."

"ನಿನಗೆ ತಲೆ ಐತಾ?" ಅಂದ ತಾಜ್ ಪಾಷಾ. "ಹಿಂದೂ ಹುಡುಗೀನ ಸಾಬರು ಮನೇಲಿ ಇಟ್ಕೊಂಡ್ರು ಅಂತ ನಾಳೆ ಬೆಳಿಗ್ಗೆ ಅಂಗಡಿಗೆ ಬೆಂಕಿ ಬೀಳ್ತದೆ. ನಾನು ಕೇಳಿದ್ದು ಒಳ್ಳೇದಕ್ಕೇ ಅಮ್ಮಾ. ಬಚ್ಚಿ ಇದ್ರೆ ಬೇಡ ಅಂತಾನೇ ಕೇಳಿದ್ದು." ಆಮೇಲೆ ಅಂದ, "ನಾನು ಬೇಕಾದ್ರೆ ತಾಯಲೂರಿಗೆ ಬಂದು ಹೇಳ್ತೀನಿ. ನಾನು ಹದಿನೈದು ಕೇಳಿದ್ದಕ್ಕೆ ನಿನ್ನ ಗಂಡ ಸುಳ್ಳು ಹೇಳಿದ ಅಂತ. ಹೇಳ್ಲಾ?"

ಆಂಜಿನಮ್ಮ ತಲೆ ಅಲ್ಲಾಡಿಸಿದಳು. ಅವನು ಬಂದು ಹೇಳಿದರೂ ಅಷ್ಟೇ, ಇವಳು ಹೇಳಿದರೂ ಅಷ್ಟೇ. ಕಿತ್ತು ಹಾಕುವುದು ಆ ಮಗ್ಗವನ್ನೇ.

"ಹಾಗಾದ್ರೆ ಭಾರತಮ್ಮನ ಹತ್ರ ಹೋಗು. ಈ ಕಾನೂನು ಮಾಡಿದ್ದು ಅವರೇ," ಅಂದ ತಾಜ್ ಪಾಷಾ.

ಶಾಲೆಯ ಜಗಲಿಯಲ್ಲಿ ಭಾರತಮ್ಮ ಪೂರ್ತಿ ಕೇಳಿಸಿಕೊಂಡಳು. ಮುನಿಗಂಗಿ ಅಂಗಳದಲ್ಲಿ ಹುಡುಗಿಯರ ಆಟ ನೋಡುತ್ತ ನಿಂತಿದ್ದಳು.

"ನಾವು ಹೇಳಿದ್ದು ಅಂಗಡಿ ವಿಷಯ ಮಾತ್ರ ಅಮ್ಮ," ಅಂದಳು ಭಾರತಮ್ಮ ಕೊನೆಗೆ. "ಮದುವೆ ವಿಷಯಕ್ಕೆ ಕೈ ಹಾಕಿದರೆ ಸಮಾಜದಲ್ಲಿ ಯಾರೂ ಉಳಿಯಲ್ಲ. ಅಲ್ಲಿರೋ ಅರ್ಧ ಜನ ನಿನ್ನ ಮಗಳ ವಯಸ್ಸಿಗೇ ಮದುವೆ ಆದವರು. ಅವರ ಗಂಡಂದಿರು ಕಳಿಸಲ್ಲ. ನಾನು ಒಬ್ಬಳು ಏನು ಮಾಡಲಿ?"

"ಅಂಗಡೀಲಿ ನಿಂತ್ರೆ ಕೂಸು, ಅವನ ಮನೇಲಿ ನಿಂತ್ರೆ ಕೂಸಲ್ವಾ ತಾಯಿ?"

ಭಾರತಮ್ಮನ ಕಣ್ಣಲ್ಲಿ ನೀರು ಬಂತು. ಬಂದರೆ ಏನು? ಶಾಲೆಯ ಗಂಟೆ ಹೊಡೆಯಿತು. ಅವಳು ಒಳಗೆ ಹೋದಳು. ಆಂಜಿನಮ್ಮ ಮಗಳನ್ನು ಕರೆದುಕೊಂಡು ಸಾಯಂಕಾಲದ ಬಸ್ಸಿಗೆ ವಾಪಸು ಬಂದಳು.

ಒಸಗೆಯ ದಿನ ಬೆಳಿಗ್ಗೆ ಶ್ರೀನಿವಾಸಪ್ಪ ಗೋಡೆಗೆ ಒರಗಿ ಕೂತಿದ್ದವನು ಇದ್ದಕ್ಕಿದ್ದಂತೆ ಎದ್ದ.

"ಹೇಳ್ಬಿಡ್ತೀನಿ ಕಣೇ. ಯಜಮಾನ್ರ ಕಾಲು ಹಿಡ್ಕೊಂಡು ಹೇಳ್ಬಿಡ್ತೀನಿ. ಊರು ಬಿಟ್ಟು ಹೋಗಣ."

"ಹೋಗು," ಅಂದಳು ಆಂಜಿನಮ್ಮ. "ಈಗ್ಲೇ ಹೋಗು. ನಾನು ಗಂಟು ಕಟ್ತೀನಿ."

ಅವಳು ನಿಜವಾಗಿಯೂ ಕಟ್ಟಿದಳು. ರಾಗಿ, ಎರಡು ಪಾತ್ರೆ, ಮಗಳ ಲಂಗ. ಗಂಡ ವಾಪಸು ಬಂದಾಗ ಅವನ ಎರಡೂ ಕೈಯಲ್ಲಿ ಯಜಮಾನರ ಮನೆಯ ಹಿತ್ತಾಳೆ ದೀಪದ ಕಂಬವಿತ್ತು. ಒಸಗೆಗೆಂದು ಕೊಟ್ಟು ಕಳಿಸಿದ್ದರು. ಅವನು ಅದನ್ನು ಜಗಲಿಯ ಮೇಲಿಟ್ಟು, ಹೆಂಡತಿಯ ಮುಖ ನೋಡದೆ ಮಗ್ಗದ ಗುಂಡಿಗೆ ಇಳಿದು ಕೂತ. ಆಂಜಿನಮ್ಮ ಗಂಟು ಬಿಚ್ಚಿ ರಾಗಿಯನ್ನು ಮಡಕೆಗೆ ಸುರಿದಳು.

ಚನ್ನರಾಯಪ್ಪ ಗಾಡಿಯ ತುಂಬ ಮಾವಿನ ಸೊಪ್ಪು ಹೇರಿಕೊಂಡು ಬಂದ. ಹೊಸ ಪಂಚೆ, ಕಿವಿಯಲ್ಲಿ ಚಿನ್ನದ ಒಂಟಿ, ಬಾಯಿ ತುಂಬ ಎಲೆ ಅಡಿಕೆ.

"ಏನಕ್ಕಾ, ನನಗೇ ಟೋಪಿ ಹಾಕಿದ್ಯಲ್ಲ! ಮಾಲೂರಲ್ಲಿ ಮುಚ್ಚಿಟ್ಟಿದ್ದೆ ಅಂತೆ?" ಎಂದು ನಕ್ಕ. ಆಮೇಲೆ ಭಾವನ ಕಡೆ ತಿರುಗಿದ. "ಅಂಗಡಿ ಗಿಂಗಡಿ ಎಲ್ಲ ಇವತ್ತಿಗೇ ಕೊನೆ ಭಾವ. ನನ್ನ ಹೆಂಡ್ತಿ ಆಗೋಳು ಪೇಟೇಲಿ ಹಲಗೆ ಮೇಲೆ ನಿಲ್ಲೋದಿಲ್ಲ."

ಶ್ರೀನಿವಾಸಪ್ಪ "ಹೂಂ" ಅಂದ. ಯಾವುದಕ್ಕಾಗಿ ದೀಪ ಆರಿಸಿದ್ದನೋ ಅದೂ ಹೋಯಿತು.

ಅಂಗಳದ ಮೂಲೆಯಲ್ಲಿ ಸೊಪ್ಪಿನ ಗುಡಿಸಲು ಎದ್ದಿತು. ಮುನಿಗಂಗಿಗೆ ಅರಿಸಿನ ಹಚ್ಚಿ ಎರೆದು, ಸೋದರಮಾವ ತಂದ ಕೆಂಪು ಸೀರೆ ಉಡಿಸಿ ಒಳಗೆ ಕೂರಿಸಿದರು. ಕೇರಿಯ ಹೆಂಗಸರು ಹಾಡಿದರು, ಎಳ್ಳು ಬೆಲ್ಲ ಕುಟ್ಟಿದ ಉಂಡೆ ಬಾಯಿಗಿಟ್ಟರು. ಹುಡುಗಿ ಸಂತೋಷವಾಗಿ ತಿಂದಳು. ಇದೂ ಒಂದು ಥರದ ಅಂಗಡಿಯೇ ಎಂದು ಅವಳು ತಿಳಿದಿದ್ದಳು. ಕೂರು ಅಂದರು, ಕೂತಳು.

"ಅಮ್ಮ, ಎಷ್ಟೊತ್ತು ಕೂರ್ಬೇಕು?" ಎಂದು ಒಂದು ಸಲ ಕೇಳಿದಳು. ಆಂಜಿನಮ್ಮ ಕೇಳಿಸದವಳಂತೆ ನೀರು ತರಲು ಹೋದಳು.

ಮಧ್ಯಾಹ್ನ ಊಟವಾಯಿತು. ಗಂಡಸರು ಗುಡಿಯ ಜಗಲಿಗೆ ಹೋಗಿ ಲಗ್ನದ ದಿನದ ಮಾತಿಗೆ ಕೂತರು. ಹೆಂಗಸರಿಗೆ ತೂಕಡಿಕೆ. ಹೊರಗೆ ಬೀದಿಯಲ್ಲಿ ಓರಗೆಯ ಹುಡುಗಿಯರು ಇದ್ದಿಲಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದರು. ಯಾರಿಗೂ ಗೊತ್ತಾಗದಂತೆ ಮುನಿಗಂಗಿ ಸೊಪ್ಪು ಸರಿಸಿ ಹೊರಗೆ ಬಂದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ತುರುಕಿಕೊಂಡಳು.

"ನಾನ್ ಮೊದ್ಲು! ನಾನ್ ಮೊದ್ಲು ಕಣ್ರೇ!"

ಒಂಟಿ ಕಾಲಲ್ಲಿ ಕುಂಟುತ್ತ ಅವಳು ಮೂರನೇ ಮನೆ ದಾಟಿದ್ದಳು. ಆಂಜಿನಮ್ಮ ಕೊಡ ಹೊತ್ತು ಬಂದವಳು ಬೀದಿಯ ತಿರುವಿನಲ್ಲಿ ನಿಂತಳು. ಗುಡಿಯ ಜಗಲಿ ಅಲ್ಲಿಗೆ ಕಾಣುತ್ತಿತ್ತು. ಯಜಮಾನ ಬೀದಿಗೆ ಬೆನ್ನು ಮಾಡಿ ಕೂತಿದ್ದ. ಯಾವ ಕ್ಷಣದಲ್ಲಾದರೂ ತಿರುಗಿಯಾನು. ತಿರುಗಿದರೆ ಕಾಣುತ್ತಿತ್ತು. ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು, ಅದು ಕೂಸೆಂದು.

ತಿರುಗಲಿ ಎಂದು ಅವಳು ಒಂದು ಕ್ಷಣ ನಿಂತಳು. ಕೊಡದ ನೀರು ತುಳುಕಿ ಹೆಗಲ ಮೇಲೆ ಇಳಿಯಿತು. ಮನೆಯೊಳಗಿಂದ ಮಗ್ಗದ ಸದ್ದು ಕೇಳುತ್ತಿತ್ತು. ಒಸಗೆಯ ದಿನ ಯಾರೂ ನೇಯುವುದಿಲ್ಲ. ಅವನು ನೇಯುತ್ತಿದ್ದ.

ಯಜಮಾನ ಎಲೆ ಉಗಿಯಲೆಂದು ಕತ್ತು ಹೊರಳಿಸಿದ.

ಆಂಜಿನಮ್ಮ ಕೊಡವನ್ನು ಕೆಳಗಿಟ್ಟು ಓಡಿದಳು. ಮಗಳ ತೋಳು ಹಿಡಿದು, ಎತ್ತಿ ಕಟ್ಟಿದ ಸೀರೆಯನ್ನು ಕೆಳಗೆ ಎಳೆದು, ತನ್ನ ಮೈಯಿಂದ ಅವಳನ್ನು ಮರೆಮಾಡಿ ನಡೆಸಿಕೊಂಡು ಬಂದಳು.

"ಒಂದೇ ಒಂದ್ ಆಟ ಅಮ್ಮ! ಗೆಲ್ತಿದ್ದೆ!"

"ಸುಮ್ನಿರೇ," ಅಂದಳು ಆಂಜಿನಮ್ಮ. "ದೊಡ್ಡೋಳು ನೀನು."

ಗುಡಿಸಲೊಳಗೆ ತಳ್ಳಿ, ತನ್ನ ಕೈಯಿಂದಲೇ ಸೊಪ್ಪನ್ನು ಒತ್ತೊತ್ತಾಗಿ ಮುಚ್ಚಿದಳು.